ಮಹಾಧಮನಿಗೆ ಹಾಕುವ ತೇಪೆ ಯಾರ ಸ್ವತ್ತು?

ಹೃದಯದಿಂದ ಹೊರಟ ಮಹಾಧಮನಿ ಎದೆಗೂಡಿನೊಳಗೆ ಕೊಡೆಯ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಕೆಳಗಿಳಿಯುತ್ತದೆ. ಅದರ ಮಗ್ಗುಲಲ್ಲೇ ಅನ್ನನಾಳವಿದೆ, ಎಡ ಶ್ವಾಸನಾಳದ ಕವಲಿದೆ, ಶ್ವಾಸಕೋಶವಿದೆ. ಈ ನೆರೆಹೊರೆಯ ನಡುವಿನ ಗೋಡೆ ಕೆಲವೇ ಮಿಲಿಮೀಟರ್ ದಪ್ಪದ್ದು. ಅದು ಎಲ್ಲಾದರೂ ಸವೆದು ತೂತಾದರೆ ಹೃದಯ ನೇರವಾಗಿ ತಳ್ಳಿದ ರಕ್ತ ಬಾಯಿಯ ದಾರಿ ಹಿಡಿಯುತ್ತದೆ. ಇರಬಾರದ ಈ ಸಂಪರ್ಕವನ್ನು ವೈದ್ಯರು ಫಿಸ್ಟುಲಾ ಎನ್ನುತ್ತಾರೆ. ಅನ್ನನಾಳದೊಂದಿಗೆ ಆದರೆ ರೋಗಿ ರಕ್ತ ವಾಂತಿ ಮಾಡುತ್ತಾನೆ, ಶ್ವಾಸನಾಳದೊಂದಿಗೆ ಆದರೆ ಕೆಮ್ಮಿನಲ್ಲಿ ರಕ್ತ ಬರುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಎರಡರ ಕೊನೆಯೂ ಒಂದೇ.

ತೂತು ಬೀಳಲು ಕಾರಣಗಳು ಹಲವು. ವರ್ಷಗಟ್ಟಲೆ ಹತೋಟಿಗೆ ಬಾರದ ರಕ್ತದೊತ್ತಡದಿಂದ ಉಬ್ಬಿದ ಧಮನಿ ಪಕ್ಕದ ನಾಳವನ್ನು ಒತ್ತಿ ಒತ್ತಿ ಕೊರೆಯಬಹುದು. ಕ್ಷಯವೋ ಬೇರೊಂದು ಸೋಂಕೋ ಧಮನಿಯ ಗೋಡೆಯನ್ನೇ ತಿನ್ನಬಹುದು. ಅನ್ನನಾಳದ ಕ್ಯಾನ್ಸರ್ ಹೊರಕ್ಕೆ ಹರಡಬಹುದು. ನುಂಗಿದ ಮೀನಿನ ಮುಳ್ಳು, ಮೂಳೆಯ ಚೂರು ಚುಚ್ಚಿಕೊಂಡು ನಿಲ್ಲಬಹುದು. 1818ರಷ್ಟು ಹಿಂದೆಯೇ ಫ್ರಾನ್ಸಿನ ದ್ಯುಬ್ರೆಯ್ ಎಂಬ ವೈದ್ಯ ಮೂಳೆ ನುಂಗಿ ಹೀಗೆ ಸತ್ತವನೊಬ್ಬನ ಪ್ರಕರಣವನ್ನು ದಾಖಲಿಸಿದ್ದ. ಈ ಕಾಲದ ಮಕ್ಕಳು ಆಟಿಕೆಯಿಂದ ಉದುರಿದ ಗುಂಡಿಯಾಕಾರದ ಬ್ಯಾಟರಿ ನುಂಗುತ್ತಾರೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಕೆಲವೇ ಗಂಟೆಗಳಲ್ಲಿ ಸುಡತೊಡಗುತ್ತದೆ, ಹೊರತೆಗೆದ ಎಷ್ಟೋ ದಿನಗಳ ಮೇಲೂ ಧಮನಿ ಒಡೆದದ್ದುಂಟು. ಹಿಂದೆಂದೋ ಎದೆಯ ಶಸ್ತ್ರಕ್ರಿಯೆಯಲ್ಲಿ ಹೊಲಿದಿಟ್ಟ ಕೃತಕ ನಾಳವೇ ದಶಕಗಳ ನಂತರ ಶ್ವಾಸನಾಳಕ್ಕೆ ಅಂಟಿ ದಾರಿ ಕೊರೆಯುವುದೂ ಉಂಟು.

ಈ ರೋಗದ ನಡೆಯಲ್ಲಿ ಒಂದು ವಿಚಿತ್ರ ಬಿಡುವಿದೆ. 1914ರಲ್ಲಿ ಹಾನ್ಸ್ ಕಿಯಾರಿ ಎಂಬ ರೋಗಶಾಸ್ತ್ರಜ್ಞ ಅದನ್ನು ಗುರುತಿಸಿದ. ಮೊದಲು ಎದೆನೋವು; ಆಮೇಲೆ ಸ್ವಲ್ಪವೇ ರಕ್ತ, ತಾನಾಗಿಯೇ ನಿಲ್ಲುವಂಥದು; ಅನಂತರ ಏನೂ ಆಗಿಲ್ಲವೆಂಬಂಥ ಮೌನ; ಕೊನೆಗೆ ಯಾರಿಂದಲೂ ತಡೆಯಲಾಗದ ಪ್ರವಾಹ. ನಡುವಿನ ಆ ಮೌನ ಕೆಲವು ಗಂಟೆಗಳದ್ದಿರಬಹುದು, ಕೆಲವು ದಿನಗಳದ್ದಿರಬಹುದು. ಹೆಪ್ಪುಗಟ್ಟಿದ ರಕ್ತದ ಬಿರಡೆಯೊಂದು ತೂತನ್ನು ತಾತ್ಕಾಲಿಕವಾಗಿ ಮುಚ್ಚಿರುವಷ್ಟು ಹೊತ್ತು ರೋಗಿಗೆ ಸಮಯವಿದೆ. ಅಷ್ಟರಲ್ಲಿ ಯಾರಾದರೂ ಅನುಮಾನ ಪಡಬೇಕು, ಸಿಟಿ ಸ್ಕ್ಯಾನ್ ಆಗಬೇಕು, ಸರಿಯಾದ ಆಸ್ಪತ್ರೆ ಮುಟ್ಟಬೇಕು, ಅಲ್ಲಿ ಸರಿಯಾದ ಅಳತೆಯ ಸಾಧನ ಸಿದ್ಧವಿರಬೇಕು. ಆ ಸಾಧನದ ಹಣವನ್ನು ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆಯೂ ಅದೇ ಬಿಡುವಿನಲ್ಲಿ ತೀರ್ಮಾನವಾಗಬೇಕು.

ಹಿಂದೆ ಇದ್ದ ದಾರಿ ಒಂದೇ: ಎದೆಯನ್ನು ಸೀಳಿ, ಮಹಾಧಮನಿಗೆ ಇಕ್ಕಳ ಹಾಕಿ, ಕೆಟ್ಟ ಭಾಗವನ್ನು ಕತ್ತರಿಸಿ ಕೃತಕ ನಾಳ ಹೊಲಿಯುವುದು. ಆಗಲೇ ರಕ್ತ ಕಳೆದುಕೊಂಡು ಬಿಳಿಚಿದ ರೋಗಿ ಅಷ್ಟು ದೊಡ್ಡ ಶಸ್ತ್ರಕ್ರಿಯೆಯನ್ನು ತಾಳಿಕೊಳ್ಳುವುದು ಕಷ್ಟವಿತ್ತು. 1990ರ ದಶಕದ ಉತ್ತರಾರ್ಧದಿಂದ ಇನ್ನೊಂದು ದಾರಿ ತೆರೆದಿದೆ. ತೊಡೆಸಂದಿನ ಧಮನಿಯ ಮೂಲಕ ಬಟ್ಟೆ ಹೊದಿಸಿದ ಲೋಹದ ಜಾಲರಿಯೊಂದನ್ನು ಮುದುಡಿ ಒಳಗೆ ಸಾಗಿಸುತ್ತಾರೆ. ಎಕ್ಸ್-ರೇ ಪರದೆಯ ಮೇಲೆ ನೋಡುತ್ತ ತೂತಿನ ಮಟ್ಟಕ್ಕೆ ತಂದು ಹೊದಿಕೆಯಿಂದ ಬಿಡಿಸಿದೊಡನೆ ಅದು ಅರಳಿ ಧಮನಿಯ ಒಳಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ತೂತು ಒಳಗಿನಿಂದ ಮುಚ್ಚಿಹೋಗುತ್ತದೆ. ಸ್ಟೆಂಟ್ ಗ್ರಾಫ್ಟ್ ಎಂಬುದು ಇದರ ಹೆಸರು. ಎಲ್ಲವೂ ಸರಿಹೋದರೆ ಒಂದೆರಡು ಗಂಟೆಗಳ ಕೆಲಸ. ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಕಾಲಿನ ಬಲ ಹೋಗುವ ಅಪಾಯ, ಪಾರ್ಶ್ವವಾಯುವಿನ ಅಪಾಯ ಇದ್ದರೂ, ಸಾಯುವ ಅಂಚಿನಲ್ಲಿದ್ದವರ ರಕ್ತಸ್ರಾವವನ್ನು ಇಷ್ಟು ಬೇಗ ನಿಲ್ಲಿಸುವ ಬೇರೊಂದು ಉಪಾಯ ಇಂದಿಗೂ ಇಲ್ಲ.

ಇಷ್ಟನ್ನು ಖಾಸಗಿ ಆಸ್ಪತ್ರೆಗಳ ಜಾಹೀರಾತುಗಳೂ ಹೇಳುತ್ತವೆ, ಪವಾಡ ಎಂಬ ಪದವನ್ನು ಧಾರಾಳವಾಗಿ ಬಳಸಿ. ಪವಾಡ ಎಂದು ಕರೆದ ಮೇಲೆ ಬೆಲೆ ಕೇಳುವುದು ಅಸಭ್ಯವಾಗುತ್ತದೆ. ಆ ಪದದ ಉಪಯೋಗವೇ ಅದು. ಭಾರತದಲ್ಲಿ ಈ ಚಿಕಿತ್ಸೆಗೆ ಹಲವು ಲಕ್ಷ ರೂಪಾಯಿ ಬೇಕು, ಅದರಲ್ಲಿ ದೊಡ್ಡ ಪಾಲು ಸಾಧನದ್ದೇ. ಕಾರಣ ಕೇಳಿದವರಿಗೆ ಸಿದ್ಧ ಉತ್ತರವಿದೆ: ಕಂಪನಿಗಳು ಕೋಟ್ಯಂತರ ಸುರಿದು ಕಂಡುಹಿಡಿದ ಜ್ಞಾನಕ್ಕೆ ಬೆಲೆ ಕೊಡಬೇಡವೇ? ಸಭ್ಯವಾದ ಪ್ರಶ್ನೆ. ಆದುದರಿಂದ ಈ ಜ್ಞಾನ ಎಲ್ಲೆಲ್ಲಿ, ಯಾರ ಖರ್ಚಿನಲ್ಲಿ ಹುಟ್ಟಿತು ಎಂಬುದನ್ನೂ ಅಷ್ಟೇ ಸಭ್ಯವಾಗಿ ನೋಡಬೇಕಾಗುತ್ತದೆ.

ಮೊದಲು ಬಟ್ಟೆ. ಪಾಲಿಯೆಸ್ಟರ್ ನೂಲು ಹುಟ್ಟಿದ್ದು 1941ರಲ್ಲಿ, ಇಂಗ್ಲೆಂಡಿನಲ್ಲಿ, ಬಟ್ಟೆಗೆ ಅಚ್ಚು ಹಾಕುವವರ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ. ಮುಂದೆ ಅದು ಅಮೆರಿಕದಲ್ಲಿ ಡೇಕ್ರಾನ್ ಎಂಬ ಹೆಸರು ಪಡೆಯಿತು. 1950ರ ದಶಕದ ಆರಂಭದಲ್ಲಿ ಹ್ಯೂಸ್ಟನ್ನಿನ ಶಸ್ತ್ರವೈದ್ಯ ಮೈಕೇಲ್ ಡಿಬೇಕಿ ನೈಲಾನ್ ಬಟ್ಟೆ ಕೊಳ್ಳಲು ಅಂಗಡಿಗೆ ಹೋದ. ನೈಲಾನ್ ಮುಗಿದಿತ್ತು, ಅಂಗಡಿಯವರು ಹೊಸತೊಂದು ಬಟ್ಟೆಯಿದೆ ಎಂದು ಡೇಕ್ರಾನ್ ಕೊಟ್ಟರು. ಅದನ್ನು ಮನೆಗೆ ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆಯಾಗಿ ಹೊಲಿದದ್ದನ್ನು ಅವನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಹೊಲಿಗೆ ಕಲಿಸಿದ್ದು ತಾಯಿ. ತಂದೆತಾಯಿಗಳು ಲೆಬನಾನಿನಿಂದ ವಲಸೆ ಬಂದವರು. ಸಂತೆಯಲ್ಲಿ ಮಾರುವ ಪಾಲಿಯೆಸ್ಟರ್ ಸೀರೆಯ ಈ ದೂರದ ಬಂಧು ಇಂದಿಗೂ ಮಹಾಧಮನಿಯ ತೇಪೆಯಾಗಿ ಬಳಕೆಯಲ್ಲಿದೆ.

ಇನ್ನು ಲೋಹ. ನಿಕ್ಕಲ್ ಮತ್ತು ಟೈಟೇನಿಯಂ ಸೇರಿದ ನಿಟಿನಾಲ್ ಎಂಬ ಮಿಶ್ರಲೋಹಕ್ಕೆ ತನ್ನ ಮೂಲ ಆಕಾರ ನೆನಪಿರುತ್ತದೆ. ಎಷ್ಟು ಮುದುಡಿದರೂ ಬಿಟ್ಟೊಡನೆ ಅದಕ್ಕೆ ಮರಳುತ್ತದೆ. ಅದರ ಹೆಸರಿನ ಕೊನೆಯ ಭಾಗ ಬಂದಿರುವುದು ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದ ಮೊದಲಕ್ಷರಗಳಿಂದ. 1959ರ ಸುಮಾರಿಗೆ ಅಲ್ಲಿ ವಿಲಿಯಂ ಬ್ಯೂಲರ್ ಹುಡುಕುತ್ತಿದ್ದುದು ಕ್ಷಿಪಣಿಯ ಮೂತಿಗೆ ತಕ್ಕ ಲೋಹವನ್ನು. ಖರ್ಚು ಅಮೆರಿಕದ ತೆರಿಗೆದಾರರದು. ಇಂದಿನ ಹಲವು ಸ್ಟೆಂಟ್ ಗ್ರಾಫ್ಟುಗಳು ಈ ಲೋಹದಿಂದಲೇ ಆಗಿವೆ.

ಬಟ್ಟೆಯನ್ನೂ ಲೋಹವನ್ನೂ ಕೂಡಿಸಿ ರಕ್ತನಾಳದೊಳಗಿನಿಂದಲೇ ಮಹಾಧಮನಿಯನ್ನು ದುರಸ್ತಿ ಮಾಡಿದ ಕಥೆಯನ್ನು ಪಶ್ಚಿಮದ ಪಠ್ಯಪುಸ್ತಕಗಳು ಬಹುಕಾಲ 1990ರಿಂದ ಆರಂಭಿಸುತ್ತಿದ್ದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹ್ವಾನ್ ಪರೋಡಿ ಹೊಟ್ಟೆಯ ಭಾಗದ ಮಹಾಧಮನಿಯ ಉಬ್ಬಿಗೆ ಈ ಚಿಕಿತ್ಸೆ ಮಾಡಿದ. ಆದರೆ ಅದಕ್ಕೂ ಮೂರು ವರ್ಷ ಮುಂಚೆ, 1987ರ ಮಾರ್ಚಿನಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊದೊಸ್ ಎದೆಯ ಮಹಾಧಮನಿಯ ಗಾಯದ ಉಬ್ಬಿಗೆ ತಾನೇ ರೂಪಿಸಿದ ಸ್ಟೆಂಟ್ ಗ್ರಾಫ್ಟನ್ನು ಅಳವಡಿಸಿ ಗೆದ್ದಿದ್ದ. ಅವನು ಬರೆದದ್ದು ರಷ್ಯನ್ ಭಾಷೆಯಲ್ಲಿ, ಪ್ರಕಟವಾದದ್ದು ಸೋವಿಯತ್ ಪತ್ರಿಕೆಗಳಲ್ಲಿ. ಇಂಗ್ಲಿಷಿನಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದು ನಂಬುವ ವಿದ್ವತ್ ಲೋಕ ಅವನ ಹೆಸರನ್ನು ಉಚ್ಚರಿಸಲು ದಶಕಗಳೇ ಹಿಡಿದವು. ಕನ್ನಡದಲ್ಲಿ ಯೋಚಿಸುವವರಿಗೆ ಈ ಅನುಭವ ಅಪರಿಚಿತವೇನಲ್ಲ. ವೊಲೊದೊಸ್ 2016ರಲ್ಲಿ ತೀರಿಕೊಂಡ. ಅವನ ಊರಿನ ಮೇಲೆ 2022ರಿಂದ ಬಾಂಬುಗಳು ಬೀಳುತ್ತಿವೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಡೇಕ್ ಮತ್ತು ಸಂಗಡಿಗರು 1992ರಿಂದ ಎದೆಯ ಮಹಾಧಮನಿಗೆ ಈ ಚಿಕಿತ್ಸೆ ಆರಂಭಿಸಿ, 13 ರೋಗಿಗಳ ವರದಿಯನ್ನು 1994ರಲ್ಲಿ ಪ್ರಕಟಿಸಿದರು. ಆ ಮೊದಲ ಗ್ರಾಫ್ಟುಗಳು ಒಬ್ಬೊಬ್ಬ ರೋಗಿಯ ಅಳತೆಗೆ ತಕ್ಕಂತೆ ಕೈಯಲ್ಲಿ ಹೊಲಿದವು: ಲೋಹದ ಸುರುಳಿಗೆ ಪಾಲಿಯೆಸ್ಟರ್ ಬಟ್ಟೆ, ಸೂಜಿ, ದಾರ. ಎದೆಯ ಮಹಾಧಮನಿಗೆಂದೇ ಕಾರ್ಖಾನೆಯಲ್ಲಿ ತಯಾರಾದ ಸಾಧನವೊಂದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮೊದಲು ಒಪ್ಪಿಗೆ ಕೊಟ್ಟದ್ದು 2005ರಲ್ಲಿ, ಖಾರ್ಕಿವ್‌ನ ಚಿಕಿತ್ಸೆ ನಡೆದ 18 ವರ್ಷಗಳ ಮೇಲೆ.

ಕಂಪನಿಗಳು ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಪ್ರತಿ ತುಣುಕೂ ಒಂದೇ ಗುಣಮಟ್ಟದಲ್ಲಿರುವಂತೆ ಮಾಡಿದ್ದು, ಬಾಗಿದ ಧಮನಿಯಲ್ಲಿ ನುಸುಳುವಂತೆ ಸಾಗಣೆಯ ಕೊಳವೆಯನ್ನು ಸಣ್ಣದಾಗಿಸಿದ್ದು, ಕೋಟ್ಯಂತರ ಸಲ ಮಿಡಿದರೂ ಲೋಹ ಮುರಿಯದಂತೆ ಪರೀಕ್ಷಿಸಿದ್ದು ಅವರ ಕೆಲಸ. ಆ ಕೆಲಸಕ್ಕೆ ಕೂಲಿ ಸಲ್ಲಬೇಕು, ಲಾಭವೂ ಸಲ್ಲಲಿ. ನೌಕಾಪಡೆಯ ಪ್ರಯೋಗಾಲಯ, ಸೋವಿಯತ್ ಸರ್ಕಾರಿ ಆಸ್ಪತ್ರೆ, ವಿಶ್ವವಿದ್ಯಾಲಯಗಳು, ಎಲ್ಲಕ್ಕಿಂತ ಮಿಗಿಲಾಗಿ ಮೊದಲ ಪ್ರಯೋಗಗಳಿಗೆ ಮೈಯೊಡ್ಡಿದ ರೋಗಿಗಳು ಕೂಡಿ ಕಟ್ಟಿದ ಮನೆಗೆ ಬಾಗಿಲು ಕೂರಿಸಿದವರು, ಇಡೀ ಮನೆಯ ಬಾಡಿಗೆ ವಸೂಲು ಮಾಡುತ್ತಿರುವುದು ತಕರಾರಿನ ವಿಷಯ.

ಈ ಬಾಡಿಗೆಯನ್ನು ಇಳಿಸಲು ಸಾಧ್ಯವೇ ಇಲ್ಲವೆಂಬ ವಾದವನ್ನು ಭಾರತವೇ ಒಮ್ಮೆ ಸುಳ್ಳು ಮಾಡಿ ತೋರಿಸಿದೆ. ಹೃದಯದ ಸಣ್ಣ ರಕ್ತನಾಳಗಳಿಗೆ ಹಾಕುವ ಸ್ಟೆಂಟುಗಳ ಬೆಲೆಯ ಬಗ್ಗೆ ವಕೀಲರೊಬ್ಬರು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಬೆನ್ನಿಗೆ, 2016ರಲ್ಲಿ ಅವು ಅತ್ಯಗತ್ಯ ಔಷಧಗಳ ಪಟ್ಟಿ ಸೇರಿದವು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಲೆಕ್ಕ ತೆಗೆದಾಗ ಆಸ್ಪತ್ರೆಗಳ ಲಾಭಾಂಶ ಶೇ. 654ರವರೆಗೂ ಮುಟ್ಟಿದ್ದು ಬಯಲಾಯಿತು. 2017ರ ಫೆಬ್ರವರಿಯಲ್ಲಿ ಬೆಲೆಯ ಮಿತಿ ಬಂತು: ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿಸಿದ್ದಕ್ಕೆ 29,600. ಅಲ್ಲಿಯವರೆಗೆ ಲಕ್ಷ ದಾಟುತ್ತಿದ್ದ ವಸ್ತು ಅದು. ಕೆಲವು ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಕೆಲವು ಮಾದರಿಗಳನ್ನು ಹಿಂತೆಗೆಯಲು ಅರ್ಜಿ ಹಾಕಿದವು. ಭಾರತೀಯರು ಎರಡನೆಯ ದರ್ಜೆಯ ಸ್ಟೆಂಟ್ ಹಾಕಿಸಿಕೊಂಡು ಸಾಯುತ್ತಾರೆಂದು ಗೋಷ್ಠಿಗಳಲ್ಲಿ ಕಣ್ಣೀರು ಹರಿಯಿತು. ಸೂರತ್, ವಾಪಿಗಳ ಕಾರ್ಖಾನೆಗಳು ಸ್ಟೆಂಟ್ ತಯಾರಿಸುತ್ತಲೇ ಇವೆ, ದೇಶದಲ್ಲಿ ಆಂಜಿಯೋಪ್ಲಾಸ್ಟಿ ನಿಂತಿಲ್ಲ.

ಆ ಮಿತಿ ಬಂದದ್ದು ಹೃದಯದ ಸ್ಟೆಂಟುಗಳಿಗೆ ಮಾತ್ರ. ಮಹಾಧಮನಿಯ ಸ್ಟೆಂಟ್ ಗ್ರಾಫ್ಟಿಗೆ ಅಂಥ ಮಿತಿಯಿಲ್ಲ. 2020ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ಕಣ್ಣಿನಲ್ಲಿ ಔಷಧಗಳೇ ಆಗಿ, ಬೆಲೆಯನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಕೂಡದು ಎಂಬ ನಿಯಮ ಅನ್ವಯಿಸಿದೆ. ಆಗಲೇ ಅಟ್ಟದ ಮೇಲಿರುವ ಬೆಲೆಗೆ, ಮೆಲ್ಲಗೆ ಏರು ಎಂದು ಹೇಳುವ ನಿಯಮ ಇದು. ಕರ್ನಾಟಕದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಾಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದ ಒಳಗೆ. ಒಂದೇ ಸಾಧನ ಈ ಮೊತ್ತದ ದೊಡ್ಡ ಭಾಗವನ್ನು ನುಂಗಿದ ಮೇಲೆ, ತೀವ್ರ ನಿಗಾ ಘಟಕಕ್ಕೆ, ಮುಂದಿನ ಶಸ್ತ್ರಕ್ರಿಯೆಗೆ ಉಳಿಯುವುದೆಷ್ಟು? ವಿಮೆಯ ಹೆಸರಿನಲ್ಲಿ ಸಾರ್ವಜನಿಕರ ಹಣ ಹೋಗಿ ಸೇರುವುದೂ ಬೆಲೆ ನಿಗದಿ ಮಾಡಿದವರ ಜೇಬಿಗೇ.

ಅನಿವಾಸಿ ಕನ್ನಡಿಗರು ಪ್ರವೇಶಿಸಬೇಕಾದ ಜಾಗ ಇದು. ಹೃದಯದ ಸ್ಟೆಂಟಿನ ಬೆಲೆ ಇಳಿಸಿದ್ದಕ್ಕೆ ಭಾರತವನ್ನು ದಂಡಿಸಬೇಕೆಂದು ಕೇಳಿದ್ದು ಅವರಲ್ಲಿ ಬಹಳಷ್ಟು ಜನ ವಾಸಿಸುವ ಅಮೆರಿಕದ ಉದ್ಯಮ. ಅಲ್ಲಿನ ವೈದ್ಯಕೀಯ ಸಾಧನ ತಯಾರಕರ ಒಕ್ಕೂಟ ಅಡ್ವಾಮೆಡ್, ಹಾಲಿನ ಉದ್ಯಮದ ಸಂಘಗಳ ಜೊತೆಗೆ, ಭಾರತಕ್ಕಿದ್ದ ಜಿಎಸ್‌ಪಿ ಸುಂಕ ರಿಯಾಯಿತಿಯನ್ನು ಮರುಪರಿಶೀಲಿಸಲು ಮನವಿ ಸಲ್ಲಿಸಿತು. 2018ರಲ್ಲಿ ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿ ಪರಿಶೀಲನೆಗೆ ಕೈಹಾಕಿತು. 2019ರ ಜೂನ್ 5ರಂದು ರಿಯಾಯಿತಿ ರದ್ದಾಯಿತು. ರೋಗಿಗೆ ಸ್ಟೆಂಟ್ ಅಗ್ಗವಾಗಬಾರದು ಎಂಬ ಹಟದ ಬಿಸಿ, ಆಸ್ಪತ್ರೆಗೂ ಸ್ಟೆಂಟಿಗೂ ಸಂಬಂಧವೇ ಇಲ್ಲದ ಸಣ್ಣಪುಟ್ಟ ರಫ್ತುದಾರರಿಗೂ ತಟ್ಟಿತು.

ಮೂರು ತಿಂಗಳ ಬಳಿಕ, ಸೆಪ್ಟೆಂಬರ್ 22ರಂದು, ಹ್ಯೂಸ್ಟನ್ನಿನ ಕ್ರೀಡಾಂಗಣದಲ್ಲಿ ಸುಮಾರು 50,000 ಅನಿವಾಸಿ ಭಾರತೀಯರು ಸೇರಿದರು. ರಿಯಾಯಿತಿ ಕಿತ್ತುಕೊಂಡ ಅಧ್ಯಕ್ಷನೂ ಅದನ್ನು ಕಳೆದುಕೊಂಡ ದೇಶದ ಪ್ರಧಾನಿಯೂ ಕೈಕೈ ಹಿಡಿದು ಸುತ್ತು ಹಾಕಿದರು. ಡಿಬೇಕಿ ಜೀವಮಾನವಿಡೀ ದುಡಿದ ವೈದ್ಯಕೀಯ ಕೇಂದ್ರ ಆ ಕ್ರೀಡಾಂಗಣದಿಂದ ಹೆಚ್ಚು ದೂರವಿಲ್ಲ. ಅಂಗಡಿಯಲ್ಲಿ ಕೊಂಡ ಬಟ್ಟೆ, ಮನೆಯ ಹೊಲಿಗೆ ಯಂತ್ರ: ಎರಡೂ ಅದೇ ಊರಿನ ಕಥೆ. ನೆರೆದವರಲ್ಲಿ ಎಷ್ಟು ಮಂದಿಗೆ ಊರಿನಲ್ಲಿರುವ ತಮ್ಮ ತಂದೆಯ ಎದೆಯೊಳಗಿನ ಸ್ಟೆಂಟಿಗೂ ಆ ವಾಣಿಜ್ಯ ಜಗಳಕ್ಕೂ ಇರುವ ನಂಟು ಹೊಳೆದಿದ್ದೀತು?

ಕೂಟಗಳ ಸಂಸ್ಕೃತಿ ಇದಕ್ಕಿಂತ ಬೇರೆಯೇನಲ್ಲ. ಊರಿನ ರೋಗಿಯೊಬ್ಬರ ಫೋಟೋ, ಆಸ್ಪತ್ರೆಯ ಅಂದಾಜು ಪಟ್ಟಿ, ಬ್ಯಾಂಕ್ ಖಾತೆಯ ಸಂಖ್ಯೆ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತವೆ. ಡಾಲರು, ದಿರ್ಹಮು, ಪೌಂಡುಗಳು ಉದಾರವಾಗಿಯೇ ಹರಿಯುತ್ತವೆ. ಆ ಔದಾರ್ಯವನ್ನು ಹಳಿಯಬೇಕಿಲ್ಲ, ಅದರಿಂದ ಬದುಕಿದವರಿದ್ದಾರೆ. ಆದರೆ ಅಂದಾಜು ಪಟ್ಟಿಯ ಮೊದಲ ಸಾಲಿನಲ್ಲಿರುವ ಸಾಧನದ ಬೆಲೆ ಯಾಕೆ ಅಷ್ಟಿದೆ ಎಂದು ಗುಂಪಿನಲ್ಲಿ ಯಾರೂ ಕೇಳುವುದಿಲ್ಲ. ಕೇಳಿದವನನ್ನು ರಾಜಕೀಯ ತರಬೇಡಿ ಎಂದು ಸುಮ್ಮನಾಗಿಸುತ್ತಾರೆ. ಬಸವಣ್ಣನ ಹೆಸರಿನಲ್ಲಿ ದಾಸೋಹದ ಭಾಷಣ ನಡೆಯುವ ವೇದಿಕೆಯ ಮೇಲೆ ನಿಜವಾಗಿ ನಡೆಯುವುದು ದಾನ: ಕೊಟ್ಟವರ ಹೆಸರು ಮೈಕಿನಲ್ಲಿ, ಪಡೆದವರ ಮುಖ ಪರದೆಯ ಮೇಲೆ. ಸಂಬಂಧಿಕರ ಪೈಕಿ ಅಮೆರಿಕದಲ್ಲಿ ಯಾರೂ ಇಲ್ಲದ ರೋಗಿಯ ಫೋಟೋ ಯಾವ ಗುಂಪಿಗೂ ಬರುವುದಿಲ್ಲ. ಮಹಾಧಮನಿ ತೂತಾದವರಿಗಂತೂ ಚಂದಾ ಎತ್ತಿ ಮುಗಿಯುವವರೆಗೆ ಕಾಯುವ ಪುರಸೊತ್ತೂ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಗಟ್ಟಿಯಾದದ್ದು. ಅದನ್ನು ಎತ್ತುವವರು ಕಂಪನಿಗಳ ವಕ್ತಾರರಲ್ಲ, ಪ್ರಾಮಾಣಿಕ ವೈದ್ಯರು. ಅನ್ನನಾಳದ ಫಿಸ್ಟುಲಾದಲ್ಲಿ ಸ್ಟೆಂಟ್ ಗ್ರಾಫ್ಟ್ ರಕ್ತವನ್ನು ನಿಲ್ಲಿಸುತ್ತದೆ, ರೋಗವನ್ನಲ್ಲ. ಅನ್ನನಾಳದ ತೂತು ಹಾಗೆಯೇ ಉಳಿದಿರುತ್ತದೆ. ಬಾಯಿಯ ಸೂಕ್ಷ್ಮಜೀವಿಗಳೆಲ್ಲ ಆ ತೂತಿನಿಂದ ಹೊಸದಾಗಿ ಇಟ್ಟ ಬಟ್ಟೆಗೆ ಇಳಿಯುತ್ತವೆ. ಸೋಂಕು ತಗುಲಿದ ಗ್ರಾಫ್ಟ್ ವಾರಗಳಲ್ಲೋ ತಿಂಗಳುಗಳಲ್ಲೋ ಮತ್ತೆ ಒಡೆಯಬಹುದು. ಆದ್ದರಿಂದ ಅದು ದಡವಲ್ಲ, ಸೇತುವೆ ಎಂದು ವೈದ್ಯರು ಎಚ್ಚರಿಸುತ್ತಾರೆ. ಸೇತುವೆಯ ಆಚೆ ಅನ್ನನಾಳದ ದುರಸ್ತಿಯೋ ಅದನ್ನು ತೆಗೆಯುವ ಶಸ್ತ್ರಕ್ರಿಯೆಯೋ ಆಗಬೇಕು, ದೀರ್ಘಕಾಲ ಆಂಟಿಬಯೋಟಿಕ್ ಬೇಕು, ಕೆಲವರಿಗೆ ಜೀವನಪರ್ಯಂತ. ಶ್ವಾಸನಾಳದ ಫಿಸ್ಟುಲಾದಲ್ಲಿ ಸೋಂಕಿನ ಕಾಟ ಸಾಮಾನ್ಯವಾಗಿ ಇಷ್ಟಿಲ್ಲ. ಅಲ್ಲಿ ಸ್ಟೆಂಟ್ ಒಂದೇ ಹಲವರನ್ನು ವರ್ಷಗಟ್ಟಲೆ ಉಳಿಸಿದೆ. ಹಾಗಿರುವಾಗ ಸೇತುವೆಗೇ ಇಷ್ಟು ಖರ್ಚೇಕೆ ಎಂಬುದು ಆಕ್ಷೇಪ.

ಆಕ್ಷೇಪದ ಮೊದಲರ್ಧ ಪೂರ್ತಿ ನಿಜ. ಸಾಧನವನ್ನು ದೇವರ ಮೂರ್ತಿ ಮಾಡಿ ಮೆರವಣಿಗೆ ಹೊರಡಿಸುವವರು ಕೇಳಿಸಿಕೊಳ್ಳಬೇಕಾದ ಸತ್ಯ ಅದು. ಆದರೆ ಅದರಿಂದ ಹೊರಡುವ ತೀರ್ಮಾನ ಬೇರೆ. ಬೆಲೆ ದುಬಾರಿಯಾದಷ್ಟೂ ಕುಟುಂಬ ಸೇತುವೆಯ ಮೇಲೆಯೇ ದಿವಾಳಿಯಾಗುತ್ತದೆ. ಎರಡನೆಯ ಶಸ್ತ್ರಕ್ರಿಯೆಯ ಮಾತು ಬಂದಾಗ ರೋಗಿಯನ್ನು ಬಿಡಿಸಿಕೊಂಡು ಮನೆಗೆ ಹೋಗುತ್ತದೆ. ಆಸ್ಪತ್ರೆಯ ಲೆಕ್ಕದಲ್ಲಿ ಅವರು ಗುಣವಾಗಿ ಹೋದವರು. ಈ ರೋಗ ಅಪರೂಪದ್ದಾದ್ದರಿಂದ ಇದರ ಬಗೆಗಿನ ವೈದ್ಯಕೀಯ ತಿಳಿವಳಿಕೆ ನಿಂತಿರುವುದು ಬಹುಮಟ್ಟಿಗೆ ಬಿಡಿ ಪ್ರಕರಣಗಳ ವರದಿಗಳ ಮೇಲೆ. ಗೆದ್ದದ್ದನ್ನು ಬರೆಯುವ ಉತ್ಸಾಹ ಸೋತದ್ದನ್ನು ಬರೆಯುವುದರಲ್ಲಿ ಯಾರಿಗೂ ಇರುವುದಿಲ್ಲ. ಮೂವತ್ತನೆಯ ದಿನ ರೋಗಿ ಚೆನ್ನಾಗಿದ್ದ ಎಂದು ಬರೆದು ಮುಗಿಸುವ ವರದಿಯಲ್ಲಿ, ಸಾಧನಕ್ಕೆ ಹಣ ಕೊಟ್ಟವರು ಯಾರು, ಮಾರಿದ ಹೊಲವೆಷ್ಟು, ಮುನ್ನೂರನೆಯ ದಿನ ಏನಾಯಿತು ಎಂಬ ಅಂಕಣಗಳೇ ಇರುವುದಿಲ್ಲ. ಇದ್ದಿದ್ದರೆ ಈ ವಾದ ಇನ್ನಷ್ಟು ಸುಲಭವಾಗುತ್ತಿತ್ತು.

ಅಪರೂಪದ ರೋಗಕ್ಕೆ ಇಷ್ಟು ಗದ್ದಲವೇಕೆ ಎಂಬ ಇನ್ನೊಂದು ಆಕ್ಷೇಪ ಅಷ್ಟು ಗಟ್ಟಿಯಲ್ಲ. ಫಿಸ್ಟುಲಾ ಅಪರೂಪ, ಸಾಧನ ಅಪರೂಪವಲ್ಲ. ಇದೇ ಸ್ಟೆಂಟ್ ಗ್ರಾಫ್ಟ್ ರಸ್ತೆ ಅಪಘಾತದಲ್ಲಿ ಹರಿದ ಮಹಾಧಮನಿಗೆ ಬೇಕು, ರಕ್ತದೊತ್ತಡದಿಂದ ಪದರ ಸೀಳಿದ ಧಮನಿಗೆ ಬೇಕು, ಸದ್ದಿಲ್ಲದೆ ಉಬ್ಬುತ್ತಿರುವ ಧಮನಿಗೆ ಬೇಕು. ಬೈಕುಗಳೂ ಬಿಪಿಯೂ ತುಂಬಿದ ರಾಜ್ಯವೊಂದರಲ್ಲಿ ಇದನ್ನು ಶ್ರೀಮಂತರ ರೋಗದ ಪಟ್ಟಿಗೆ ಸೇರಿಸಲಾಗದು. ಜೊತೆಗೆ, ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಧಮನಿಯ ಗೋಡೆ ತಿನ್ನುವ ಸೋಂಕುಗಳಲ್ಲಿ ಕ್ಷಯವೂ ಒಂದು.

ಕ್ಷಯದ ಮಾತು ಬಂದಾಗ ಕರ್ನಾಟಕದ್ದೇ ಆದ ಒಂದು ಅಧ್ಯಯನ ನೆನಪಾಗಬೇಕು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿ ಪಟ್ಟಣಗಳಲ್ಲಿ ಕ್ಷಯದ ಲಕ್ಷಣವಿದ್ದವರನ್ನು ಮಾತಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ಪಂಡಿತರ ನಂಬಿಕೆ. ಕಂಡದ್ದು ಅದರ ತಿರುಗುಮುರುಗು: ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು, ಕೆಮ್ಮಿನ ಔಷಧದ ಬಾಟಲಿ ಹಿಡಿದು ಹಿಂದಿರುಗಿದ್ದರು. ತಪ್ಪಿದ್ದು ರೋಗಿ ಅಲ್ಲ, ವ್ಯವಸ್ಥೆ. ಕೆಮ್ಮಿನಲ್ಲಿ ರಕ್ತ ಬಂದವನಿಗೆ ಕ್ಷಯದ ಮಾತ್ರೆ ಬರೆದು ಕಳಿಸುವುದು ನಮ್ಮ ಕಡೆ ಈಗಲೂ ಸಹಜವಾದ ಮೊದಲ ಹೆಜ್ಜೆ, ಬಹುಪಾಲು ಸಲ ಸರಿಯಾದದ್ದೂ ಹೌದು. ಹಿಂದೆ ಮಹಾಧಮನಿಯ ಶಸ್ತ್ರಕ್ರಿಯೆಯಾಗಿದ್ದವನೂ ಅದೇ ಸಾಲಿನಲ್ಲಿ ನಿಂತು, ಅದೇ ಮಾತ್ರೆ ಪಡೆದು, ಕಿಯಾರಿ ಗುರುತಿಸಿದ ಆ ಮೌನವನ್ನು ಬಸ್ಸಿನಲ್ಲಿ ಕಳೆದು ಮನೆಗೆ ಹೋಗಬಹುದು. ಜಿಲ್ಲಾ ಆಸ್ಪತ್ರೆಯ ಸಿಟಿ ಯಂತ್ರ ರಾತ್ರಿಯೂ ನಡೆಯದೆ, ಅದರ ಚಿತ್ರ ಓದುವವರಿಲ್ಲದೆ ಇದ್ದರೆ ಬೆಂಗಳೂರಿನಲ್ಲಿ ಸ್ಟೆಂಟ್ ಪುಕ್ಕಟೆ ಸಿಕ್ಕರೂ ಪ್ರಯೋಜನವಿಲ್ಲ.

ಏನು ಮಾಡಬಹುದು ಎಂಬುದಕ್ಕೆ ಉತ್ತರ ಹೊಸದಾಗಿ ಹುಡುಕಬೇಕಾದದ್ದಲ್ಲ. ಮಹಾಧಮನಿಯ ಸ್ಟೆಂಟ್ ಗ್ರಾಫ್ಟನ್ನು ಅತ್ಯಗತ್ಯ ಪಟ್ಟಿಗೆ ತಂದು ಬೆಲೆಗೆ ಮಿತಿ ಹಾಕುವ ಕಾನೂನು ಈಗಾಗಲೇ ಕೈಯಲ್ಲಿದೆ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯಿದೆ. ಮಹಾಧಮನಿಯ ಅಗಲ ಒಬ್ಬರಿಂದೊಬ್ಬರಿಗೆ ಬೇರೆ. ಗ್ರಾಫ್ಟ್ ಅದಕ್ಕಿಂತ ತುಸು ದೊಡ್ಡದೇ ಇರಬೇಕು. ತುರ್ತಿನಲ್ಲಿ ವಿತರಕನ ಗೋದಾಮಿಗೆ ಫೋನು ಮಾಡುವ ಬದಲು, ಹಲವು ಅಳತೆಗಳ ದಾಸ್ತಾನನ್ನು ರಾಜ್ಯವೇ ಒಟ್ಟಾಗಿ ಕೊಂಡು ಇಂಥ ಕೇಂದ್ರಗಳಲ್ಲಿ ಇಡಬಹುದು. ಸಗಟು ಕೊಳ್ಳುವವನಿಗೆ ಚೌಕಾಸಿಯ ಶಕ್ತಿಯೂ ಇರುತ್ತದೆ.

ಇಲ್ಲೇ ತಯಾರಿಸಲಾಗದೇ ಎಂಬ ಪ್ರಶ್ನೆಗೂ ನೆರೆಯ ಕೇರಳದಲ್ಲಿ ಉತ್ತರವಿದೆ. ತಿರುವನಂತಪುರದ ಸರ್ಕಾರಿ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ. ಎಸ್. ವಲಿಯಥಾನ್ ಮತ್ತು ಸಂಗಡಿಗರು ಕೃತಕ ಹೃದಯ ಕವಾಟವೊಂದನ್ನು ರೂಪಿಸಿದರು. ಮೊದಲ ಮಾದರಿಗಳು ಸೋತವು, ಮತ್ತೆ ಮಾಡಿದರು. 1990ರ ಡಿಸೆಂಬರಿನಲ್ಲಿ ಗೆದ್ದ ಮಾದರಿಯನ್ನು ಮೊದಲ ರೋಗಿಗೆ ಅಳವಡಿಸಿದರು. ಆ ಕವಾಟದ ಸುತ್ತ ಹೊಲಿಗೆಗೆಂದು ಇರುವುದೂ ಅದೇ ಪಾಲಿಯೆಸ್ಟರ್ ಬಟ್ಟೆ. ವಲಿಯಥಾನ್ ಇಂಗ್ಲೆಂಡ್, ಅಮೆರಿಕಗಳಲ್ಲಿ ಕಲಿತು ಮರಳಿದವರು, ಮುಂದೆ ಮಣಿಪಾಲದಲ್ಲಿ ಕುಲಪತಿಯಾಗಿದ್ದವರು. ಎಲ್ಲರೂ ಮರಳಬೇಕೆಂದೇನೂ ಇಲ್ಲ. ಮರಳದವರನ್ನು ದೇಶದ್ರೋಹಿ ಎನ್ನುವ ಹುಂಬತನ ಬೇರೆಯವರಿಗಿರಲಿ. ಆದರೆ ಮಿನಿಯಾಪೋಲಿಸ್ಸಿನಿಂದ ಕ್ಯಾಲಿಫೋರ್ನಿಯಾದವರೆಗೆ ವೈದ್ಯಕೀಯ ಸಾಧನಗಳ ಉದ್ಯಮದಲ್ಲಿ ದುಡಿಯುವ ಕನ್ನಡದ ಎಂಜಿನಿಯರುಗಳಿಗೆ, ಗಡುವು ಮುಗಿದ ಪೇಟೆಂಟಿನಲ್ಲಿ ಏನೇನು ಮುಕ್ತವಾಗಿದೆ, ಸಾರ್ವಜನಿಕ ಸಂಸ್ಥೆಯೊಂದು ಎಲ್ಲಿಂದ ಆರಂಭಿಸಬೇಕು ಎಂಬುದು ಬೇರೆಯವರಿಗಿಂತ ಚೆನ್ನಾಗಿ ತಿಳಿದಿದೆ. ರಾಜ್ಯೋತ್ಸವಕ್ಕೆ ಸಿನಿಮಾ ನಟರನ್ನು ಕರೆಸುವ ಖರ್ಚಿನಲ್ಲಿ ಒಂದು ವರ್ಷದ ಪಾಲನ್ನು ಇತ್ತ ಹೊರಳಿಸಿದರೆ ಕನ್ನಡಕ್ಕೆ ನಷ್ಟವೇನೂ ಆಗದು.

ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿ ಪ್ರತಿ ವರ್ಷ ಮಾರ್ಚ್ ಅಂತ್ಯದ ಹೊತ್ತಿಗೆ ಬೇರೆ ದೇಶಗಳ ವ್ಯಾಪಾರ ಅಡೆತಡೆಗಳ ವರದಿ ಹೊರಡಿಸುತ್ತದೆ. ಭಾರತದ ಅಧ್ಯಾಯದಲ್ಲಿ ವೈದ್ಯಕೀಯ ಸಾಧನಗಳ ಬೆಲೆ ನಿಯಂತ್ರಣ ದೂರಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ವರದಿ ಸಿದ್ಧವಾಗುವ ಮುನ್ನ ಸಾರ್ವಜನಿಕರಿಂದ ಅಭಿಪ್ರಾಯ ಕೇಳುತ್ತಾರೆ. ಕಂಪನಿಗಳ ಒಕ್ಕೂಟಗಳು ತಪ್ಪದೆ ಬರೆಯುತ್ತವೆ. ಅಭಿಪ್ರಾಯ ಸಲ್ಲಿಸಲು ಕಂಪನಿಯಾಗಿರಬೇಕಿಲ್ಲ, ವಕೀಲರ ಮೊಹರೂ ಬೇಕಿಲ್ಲ. ಕೂಟವೊಂದರ ಕಾರ್ಯದರ್ಶಿ ಎರಡು ಪುಟ ಬರೆದು ಕಳಿಸಿದರೂ ಅದು ಅದೇ ಕಡತಕ್ಕೆ ಸೇರುತ್ತದೆ.